ಖ್ವಾರಾ ಬೇರಿನ ತೂಕ

ಲೆಸೊಥೊದ ಬೆಟ್ಟದ ಕೆಳಗೆ, ಸೆಂಕು ಹೊಳೆಯ ದಂಡೆಯಲ್ಲಿ
ಮಂಗಳವಾರ ಮಂಗಳವಾರ ತಕ್ಕಡಿ ಕಟ್ಟುತ್ತೇನೆ.
ಹೆಂಗಸರು ಗೋಣಿ ಸುರಿಯುತ್ತಾರೆ. ಖ್ವಾರಾ ಬೇರು,
ಮುರಿದರೆ ಒಳಗೆ ಹಸಿ ಮಾಂಸದ ಕೆಂಪು.

ಮಾಲಿನೆಯೋ ಮಾತ್ರ, ತೂಕವಾದ ಮೇಲೆ
ಒಂದು ಬೇರು ವಾಪಸು ಎತ್ತಿಕೊಂಡು
ಕಂಬಳಿಯ ಮಡಿಕೆಗೆ ಸೇರಿಸುತ್ತಾಳೆ.
"ಕಮ್ಮಿ ಬರಕೋ" ಅನ್ನುತ್ತಾಳೆ.
ಬರೆದುಕೊಳ್ಳುತ್ತೇನೆ.

ಅವಳ ಗಂಡ ಮೊಖೇಲೆ ಗಡಿಯಾಚೆ ಚಿನ್ನದ ಗಣಿಯಲ್ಲಿ
ಹತ್ತೊಂಬತ್ತು ವರ್ಷ ಬಂಡೆ ಕೊರೆದವನು.
ಈಗ ಬಿಸಿಲ ಗೋಡೆಗೊರಗಿ
ಉಸಿರನ್ನು ಎಣಿಸಿ ಎಣಿಸಿ ಖರ್ಚು ಮಾಡುತ್ತಾನೆ.
ಬೇರು ಹಾಲಲ್ಲಿ ಕುದಿಯುತ್ತದೆ.
ಮಕ್ಕಳ ಕೆಮ್ಮಾದರೆ ಮೂರು ದಿನಕ್ಕೆ ಇಳಿಯುತ್ತದಂತೆ;
ಇದು ಕಲ್ಲಿನ ಕೆಮ್ಮು.
ಅವಳಿಗೂ ಗೊತ್ತು.
ಸಕ್ಕರೆ ಒಂದು ಚಮಚ ಹೆಚ್ಚು ಹಾಕುತ್ತಾಳೆ.

ಇಷ್ಟು ವರ್ಷ ತೂಗಿದರೂ ಇದರ ಹೂ ನೋಡಿರಲಿಲ್ಲ ನಾನು.
ಮೊನ್ನೆ ಲಾರಿ ಕೆಟ್ಟು, ಹೊತ್ತು ಹೋಗದೆ ದಿಣ್ಣೆ ಹತ್ತಿದೆ.
ಅಗೆದು ಬಿಟ್ಟ ಗುಳಿಗಳ ನಡುವೆ
ಯಾರೋ ಬೇರು ಕೊಯ್ದು, ಬುಡವನ್ನು ಮರಳಿ ಊರಿದ್ದ ಕಡೆ
ಬೂದು ಎಲೆ, ಉದ್ದನೆಯ ತೊಟ್ಟು,
ತುದಿಯಲ್ಲಿ ಐದೆಸಳು:
ಕಪ್ಪೆಂದೇ ಅನ್ನಿಸುವಷ್ಟು ಕೆಂಪು,
ಕಿರುಬೆರಳ ಉಗುರಿನಷ್ಟು.

ಇಂಥದೊಂದು ಗೋಣಿ ತುಂಬ ತಂದು ಸುರಿದರೂ
ನನ್ನ ತಕ್ಕಡಿಯ ಮುಳ್ಳು ಅಲ್ಲಾಡೀತೋ ಇಲ್ಲವೋ.