ಅಳತಿ ಪುಸ್ತಕ

ಅಸಲ್ಫಾದ ಗುಡ್ಡಕ್ಕ ನೂರಾ ಹನ್ನೊಂದು ಪಾವಟಿಗಿ ಏರಿ
ಬಲಕ್ಕ ತಿರುಗಿದರ ನನ್ನ ಅಂಗಡಿ.
ಒಂದು ಮಷಿನ್, ಒಂದು ಬಲ್ಬು, ಒಂದು ಹಸಿರು ಪರದೆ.
ಪರದೆ ಒಳಗ ಯಾರರ ಹೋದರ
ನಾ ಗ್ವಾಡಿಗೆ ಮಾರಿ ಮಾಡಿ ನಿಂದರತೀನಿ.
ಇಪ್ಪತ್ತೆರಡು ವರ್ಷದ ರೂಢಿ.

ಟೇಬಲ್ಲಿನ ಖಾನೆದಾಗ ಅಳತಿ ಪುಸ್ತಕ.
ಎದಿ, ನಡ, ತೋಳು, ಬೆನ್ನಿನ ಆಳ,
ಈ ಗುಡ್ಡದ ಅರ್ಧ ಹೆಂಗಸರು
ಇಂಚಿನ ಲೆಕ್ಕದಾಗ ಅದರೊಳಗ ಮಲಗ್ಯಾರ.
ಯಾರು ಬಸಿರಾದರು ಅನ್ನೂದು
ಅವರ ಅತ್ತಿಗಿಂತ ಮೊದಲ ನನ್ನ ಟೇಪಿಗೆ ಗೊತ್ತು.
ಯಾರ ರಟ್ಟಿ ಮ್ಯಾಲ ಬೆರಳಿನ ಗುರುತು,
ತೋಳು ಒಂದಿಂಚು ಉದ್ದ ಇಡು ಅಂದರ ಇಡತೀನಿ,
ಯಾಕಂತ ಕೇಳೂದಿಲ್ಲ.
ಖಾನೆದ ಕೀಲಿಕೈ ನನ್ನ ಕೊರಳ ದಾರದಾಗ.

ಆಮ್ಯಾಲ ಮೊಬೈಲ್ ಬಂತು.
ಕೆಳಗಿನ ಖೋಲಿ ಅಲ್ಫಿಯಾ ಅದರಾಗೊಂದು ಅಂಗಡಿ ತೆರೆದುಕೊಟ್ಟಳು,
'ನೀಲಗಂಗಾ ಬ್ಲೌಸ್', ಎರಡು ಸಾವಿರದ ಮುನ್ನೂರು ಮಂದಿ.
ಮುಲುಂಡಿಂದ, ವಾಶಿಯಿಂದ, ಪಾವಟಿಗಿ ಏರಲಾರದವರು
ಅಳತಿ ಬರದು ಕಳಿಸಿದರು,
ಕನ್ನಡಿ ಮುಂದ ನಿಂತು ಫೋಟೋ ಕಳಿಸಿದರು.
ಅದಕ್ಕ ಕೀಲಿ ಏನಿಟ್ಟೆ?
ಅಂಗಡಿ ಹೆಸರು, ಮುಂದ ಒಂದು ಎರಡು ಮೂರು.

ಗಣಪತಿ ಹಬ್ಬದ ಮುಂದ, ಕೊರಳ ತನಕ ಕೆಲಸ.
ಬಾಯಾಗ ಗುಂಡುಸೂಜಿ, ಕಾಲು ಪೆಡಲ್ ಮ್ಯಾಲ.
ಫೋನಿನಾಗ ಮೆತ್ತಗಿನ ಹಿಂದಿ:
ನಿಮ್ಮ ಖಾತೆಗೆ ನೀಲಿ ಟಿಕ್ ಸಿಕ್ಕದ,
ಆರು ಅಂಕಿ ಬಂದಾವು, ಓದಿ ಹೇಳ್ರಿ.
ಸೂಜಿ ಒಂದೊಂದ ಬಾಯಿಂದ ತೆಗೆದು
ಅಂಕಿ ಒಂದೊಂದ ಹೇಳಿದೆ. ಸ್ಪಷ್ಟ.

ಸಂಜಿಕೆ ನಾ ಆಸ್ಪತ್ರಿದಾಗ ಬಿದ್ದೀನಂತ ಊರೆಲ್ಲ ಸುದ್ದಿ.
ನಾನೇ ಬರದಿದ್ದೆ, ನನ್ನ ಮಾರಿ ಇಟಗೊಂಡು:
ತುರ್ತು, ಐದು ಸಾವಿರ.
ಮೂರು ಮಂದಿ ಹಾಕಿದರು.
ಸಿಂದಗಿ ಚಿಗವ್ವಗ ಓದು ಬರಾಣಿಲ್ಲ,
ಮೊಮ್ಮಗನ ಕಡೆ ಓದಿಸಿ, ಅವನ ಕಡೆನೇ ಬರಸಿದಳಂತ:
'ನಮ್ಮ ನೀಲಿ ನನಗ ಎಂದೂ ಆಂಟೀ ಅಂದಾಕಿ ಅಲ್ಲ.
ನಿನ್ನ ಮುಂದಿನ ಹಲ್ಲು ಮುರದದ್ದು ಯಾವ ಕಲ್ಲಿಗೆ,
ಹೇಳು ನೋಡೂಣು.'
ಅವ ಹೇಳಲಿಲ್ಲ.

ಎಲ್ಲಾರೂ ನಕ್ಕರು. ನಾನೂ ನಕ್ಕೆ.
ರಾತ್ರಿ ಬಲ್ಬು ಆರಿಸಿದ ಮ್ಯಾಲ ಎದಿ ಝಲ್ಲಂತು.
ರೊಕ್ಕ ಅಲ್ಲ. ಇನ್‌ಬಾಕ್ಸು.

ಅದರೊಳಗ ಒಬ್ಬಾಕಿ. ಹೆಸರು ಹೇಳೂದಿಲ್ಲ.
ಪರೇಲಿನ ದವಾಖಾನಿಯಿಂದ ಬಂದು ಬರದಿದ್ದಳು:
ಎಡಕ್ಕ ಏನೂ ಉಳಿದಿಲ್ಲ ಅಕ್ಕಾ, ಮಗನ ಲಗ್ನ ಐತಿ.
ಕೆಳಗ ಒಂದು ಫೋಟೋ.
ಶಟರ್ ಎಳದು, ಹತ್ತಿ ಪದರ ಮ್ಯಾಲ ಪದರ ಹೊಲದಿದ್ದೆ.
ಅಕ್ಕಿಕಾಳಿಗೆ ಕೈ ಎತ್ತಿದಾಗೂ
ಬೀಗರಿಗೆ ತಿಳೀಲಿಲ್ಲ.
ಈಗ ಯಾವನೋ, ಯಾವ ಊರಾಗೋ,
ಹೆಬ್ಬೆಟ್ಟಿಲೆ ಪರದೆ ಸರಿಸ್ಯಾನ.

ಅಲ್ಫಿಯಾ ಎರಡು ದಿನ ಕುಂತಳು,
ಅರ್ಜಿ, ಮತ್ತ ಅರ್ಜಿ, ನನ್ನ ಮಾರಿದು ವಿಡಿಯೊ,
ಎಡಕ್ಕ ತಿರುಗು, ಬಲಕ್ಕ ತಿರುಗು.
ಖಾತೆ ಹೊಳ್ಳಿ ಬಂತು, ಎರಡು ಕೀಲಿ ಹಾಕಿದಳು.
ಹೊಸ ಪಾಸ್‌ವರ್ಡು ಬಡಿ ಅಂದಳು.
ನೀ ಗ್ವಾಡಿಗೆ ಮಾರಿ ಮಾಡು ಅಂದೆ.
ನಕ್ಕೋತ ತಿರುಗಿದಳು.
ಹಳೇ ಫೋಟೋ ಎಲ್ಲಾ ಅಳಿಸಿದಳು.
'ಇಲ್ಲಿ ಅಳಿಸಿದರ ಅವನ ಹಂತೇಕ ಅಳಿಸತಾವೇನು?'
ಹುಡುಗಿ ಉಗುರು ಕಡಿಲಿಕ್ಕೆ ಹತ್ತಿದಳು.

ಮೂರನೇ ದಿನ ರಿಕ್ಷಾ ಹಿಡದು ಆಕಿ ಮನಿಗೆ ಹೋದೆ.
ಎಲ್ಲಾ ಹೇಳಿದೆ. ಅಂಕಿ ಓದಿ ಹೇಳಿದ್ದೂ ಹೇಳಿದೆ.
ಆಕಿ ಬೈಲಿಲ್ಲ. ಇರಲಿ ಬಿಡು ಅಂತನೂ ಅನ್ನಲಿಲ್ಲ.
ಕುಕ್ಕರ್ ನಾಕು ಸೀಟಿ ಹೊಡದಿಂದ ಎದ್ದು
ಕಪಾಟಿನಿಂದ ಅದೇ ಬ್ಲೌಸ್ ತಂದಳು.
'ಬಲಕ್ಕ ಬಿಗಿ ಆಗೇದ. ಬಿಚ್ಚಿ ಹೊಲಿ.'
ನಾ ಟೇಪ್ ತೆಗೆದೆ.
ಆಕಿ ಎದ್ದು ಕಿಡಕಿ ಹಾಕಿದಳು,
ಆಮ್ಯಾಲ ನನ್ನ ಫೋನ್ ಎತ್ತಿ
ಮಾರಿ ಕೆಳಗ ಮಾಡಿ ಇಟ್ಟಳು.

ಪುಸ್ತಕದಾಗ ಬರಕೊಂಡೆ, ಪೆನ್ಸಿಲಿಲೆ.
ಹೆಸರಿನ ಜಾಗಾ ಖಾಲಿ.