ಬಿಳಿ ಬಟ್ಟೆ ಎಳೆಯುವವನು

ಡಿಸೆಂಬರ್ ಮೂರನೇ ವಾರ. ದರಗು ಉದುರುವ ಕಾಲ.
ಒಂದು ಮೀಟರ್ ಫ್ಲಾನೆಲ್ ಬಟ್ಟೆ, ತುದಿಗೊಂದು ಬಿದಿರ ಕೋಲು,
ಕೋಲಿಗೆ ಹಗ್ಗ. ಅದನ್ನು ಸೊರಬದ ಕಾಡಿನ ನೆಲದ ಮೇಲೆ
ಮೆಲ್ಲಗೆ ಎಳೆಯುವುದು ನನ್ನ ನೌಕರಿ.
ಗುತ್ತಿಗೆ; ಹನ್ನೊಂದು ತಿಂಗಳು; ಟಿಎ ಇಲ್ಲ.

ಹತ್ತು ಹೆಜ್ಜೆಗೊಮ್ಮೆ ಬಟ್ಟೆ ಮಗುಚುತ್ತೇನೆ.
ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆ.
ಎಳ್ಳಿಗೆ ಕಾಲಿಲ್ಲ, ಅಷ್ಟೇ ವ್ಯತ್ಯಾಸ.
ಚಿಮಟದಿಂದ ಒಂದೊಂದೇ ಎತ್ತಿ ಸೀಸೆಗೆ ಹಾಕಿ,
ಹತ್ತಿ ತುರುಕಿ, ಚೀಟಿ ಬರೆಯುತ್ತೇನೆ:
ಜಾಗ, ತಾರೀಕು, ಉಣುಗು ನಲವತ್ತೊಂದು.

"ಎಂತ ಮಾರಾಯ, ಕಾಡಿಗೆ ಪಂಚೆ ಉಡಿಸ್ತಾ ಇದೀಯಾ?"
ದರಗಿನ ಹೆಡಿಗೆ ಹೊತ್ತ ಗುತ್ಯಮ್ಮ ನಕ್ಕಿದ್ದಳು.
ಅವಳ ಕೈಗೊಂದು ಎಣ್ಣೆ ಬಾಟಲಿ ಕೊಟ್ಟೆ:
ಕಾಡಿಗೆ ಬರುವ ಮೊದಲು ಕೈಕಾಲಿಗೆ ಹಚ್ಚಬೇಕು,
ಮನೆಗೆ ಹೋದವಳೇ ಬಿಸಿನೀರು ಮೀಯಬೇಕು,
ಉಟ್ಟ ಸೀರೆ ಕುದಿನೀರಿಗೆ ಹಾಕಬೇಕು.
"ಇದ್ನ ಹಚ್ಚಿದ್ರೆ ಎಮ್ಮೆ ಸೊರೆ ಬಿಡದಿಲ್ಲ," ಎಂದಳು.
"ಈ ವಾಸನೆಗೆ ಹೆದರದು ಉಣುಗಲ್ಲ, ನಮ್ ಗೌರಿ."
ನನ್ನ ಕರಪತ್ರದಲ್ಲಿ ಎಮ್ಮೆಯ ಬಗ್ಗೆ ಏನೂ ಇರಲಿಲ್ಲ.
ಆಮೇಲೆ ತಿಳಿಯಿತು, ಎಣ್ಣೆ ಹೋದದ್ದು
ಅವಳ ಮನೆಯ ಕಿರುಗುಡುವ ಬಾಗಿಲಿನ ತಿರುಗಣೆಗೆ.

ಸಂಕ್ರಾಂತಿ ಕಳೆದ ಮೂರನೇ ದಿನ ಒಂದು ಮುಸಿಯ ಬಿದ್ದಿತ್ತು,
ಮತ್ತಿಮರದ ಬುಡದಲ್ಲಿ, ಅಂಗೈ ಮೇಲಾಗಿ.
ಮೈ ತಣ್ಣಗಾದಂತೆ ಉಣುಗು ಇಳಿದು ನಡೆಯುತ್ತವೆ,
ಗೋಡೆ ಕುಸಿದ ಮನೆಯಿಂದ ಬಾಡಿಗೆಯವರು ಹೊರಟಂತೆ.
ಸುತ್ತ ಐವತ್ತು ಮೀಟರ್ ಪುಡಿ ಎರಚಿದೆವು.
ಸುಟ್ಟೆವು. ಹಗ್ಗ ಕಟ್ಟಿ ಫಲಕ ನೇತುಹಾಕಿದೆವು.
ಗುತ್ಯಮ್ಮ ಆ ದಾರಿಯಲ್ಲಿ ಮುನ್ನಾದಿನವೇ ಹೋಗಿ ಬಂದಿದ್ದಳು.

ಶಿವಮೊಗ್ಗದ ಲ್ಯಾಬಿನ ಲವೀನಾ ಮೇಡಂ
ಚಹಾ ಆರಿಸಿಕೊಳ್ಳುತ್ತ ಹೇಳಿದ್ದು:
ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರೂ ಇಲ್ಲ.
ಮಡಚಿದ ಒಂದು ಕಾಗದ, ಮೇಲೊಂದು ಲಕೋಟೆ.
ಜೀವಕೋಶ ತನ್ನದೇ ಅಂಚೆಯೆಂದು ಒಳಗೆ ತೆಗೆದುಕೊಳ್ಳುತ್ತದೆ.
ಲಕೋಟೆ ಬಿಚ್ಚುತ್ತದೆ. ಒಳಗೆ ಒಂದೇ ಆದೇಶ:
ಇದರ ಪ್ರತಿ ತೆಗೆಯಿರಿ.
ಸಹಿ ಯಾರದೆಂದು ಅಲ್ಲಿ ಯಾರೂ ಕೇಳುವುದಿಲ್ಲ.
ನಮ್ಮ ಕಚೇರಿಯಲ್ಲೂ ಕೇಳುವುದಿಲ್ಲ ಎಂದೆ. ಮೇಡಂ ನಗಲಿಲ್ಲ.
ಶಾಯಿ ಅದರದಲ್ಲ, ದುಡಿಯುವ ಕೈಯೂ ಅದರದಲ್ಲ;
ಹೊರಡುವಾಗ ಮನೆಯ ಗೋಡೆಯನ್ನೇ ಹರಿದು
ಹೊಸ ಲಕೋಟೆ ಹೊಲಿದುಕೊಂಡು
ಹೊರಡುತ್ತವೆ, ಸಾವಿರ.

ಗುತ್ಯಮ್ಮನ ಮೈಯಲ್ಲಿ ಆ ಗುಮಾಸ್ತಗಿರಿ ನಡೆದದ್ದು
ಐದು ದಿನ, ಸದ್ದಿಲ್ಲದೆ.
ಆರನೇ ದಿನ ದರಗು ಹೊರುವ ಕತ್ತು
ತಲೆಯನ್ನೇ ಹೊರಲಾರದೆ ಹೋಯಿತು.
ಕಣ್ಣು ಕೆಂಡ. ಸೊಂಟದಲ್ಲಿ ಒನಕೆ. ಒಸಡಿನಲ್ಲಿ ನೆತ್ತರು.
ಮೈದುನ ಹುಚ್ಚಪ್ಪ ಚೌಡಿಗೆ ಕೋಳಿ ಹೇಳಿಕೊಂಡ,
ಆಂಬುಲೆನ್ಸಿಗೆ ಫೋನು ಮಾಡಿದ,
ಎರಡೂ ಒಂದೇ ಉಸಿರಿನಲ್ಲಿ.

ಇದಕ್ಕೇ ಅಂತ ಮದ್ದಿಲ್ಲ ಎಂದರು ಡಾಕ್ಟರು.
ಹನಿ ಹನಿ ಉಪ್ಪುನೀರು, ಜ್ವರಕ್ಕೊಂದು ಮಾತ್ರೆ,
ಬೆಳಗು ಬೈಗು ಪ್ಲೇಟ್‌ಲೆಟ್ ಲೆಕ್ಕ.
ಉಳಿದದ್ದನ್ನು ಅವಳ ನೆತ್ತರೇ ಕಲಿಯಬೇಕು,
ಆ ಸುಳ್ಳು ಕಾಗದದ ಗುರುತು.
ಲಸಿಕೆಯೆಂದರೆ ಆ ಪಾಠ ಮುಂಚೆಯೇ ಹೇಳಿಕೊಡುವುದು.
ಹಳೆಯದು ನಿಂತಿದೆ. ಹೊಸದು ಬರುತ್ತದಂತೆ.
ಬರುವ ತನಕ ಎಣ್ಣೆ. ಬರುವ ತನಕ ನಾನು, ನನ್ನ ಹಗ್ಗ.

ಒಂದು ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ.
ಮನುಷ್ಯರಿಂದ ಮನುಷ್ಯರಿಗೆ ಅದು ದಾಟುವುದಿಲ್ಲ.
ಉಣುಗಿನಿಂದ ಇಲಿಗೆ, ಇಲಿಯಿಂದ ಉಣುಗಿಗೆ,
ಅದರ ಸಂಸಾರ ಅಲ್ಲಿ.
ನಮ್ಮೊಳಗೆ ಬಂದರೆ ಮುಂದೆ ದಾರಿಯಿಲ್ಲ.
ದಾರಿ ತಪ್ಪಿ ಬಂದು, ಮನೆ ಸುಟ್ಟು, ತಾನೂ ಅಲ್ಲೇ ಬೂದಿ.
ಇದು ಸಮಾಧಾನವೋ ಅಲ್ಲವೋ, ನನಗೆ ತಿಳಿಯದು.

ಮೂರನೇ ವಾರ ಜ್ವರ ಮರಳಿ ಬಂತು.
ತಂಗಿಯ ಹೆಸರು ಮರೆತಳು, ಕೈ ನಡುಗಿತು.
ಉಳಿದಳು.

ಈ ಡಿಸೆಂಬರಿನಲ್ಲಿ ನಾನು ಕೂಗುವ ಮೊದಲೇ
ಅವಳ ಬಾಗಿಲು ತೆರೆಯಿತು. ಸದ್ದು ಮಾಡಲಿಲ್ಲ.
"ಎಲ್ಲಿ, ಬಾಟ್ಲಿ ಕೊಡು."
ಎಮ್ಮೆ? ಎಂದೆ.
"ಮೊದ್ಲು ಹಾಲು ಕರೆಯದು, ಆಮೇಲೆ ಹಚ್ಚದು.
ಅಷ್ಟೂ ಬರೀಲಿಲ್ವನಾ ನಿಮ್ ಕಾಗದದಲ್ಲಿ?"
ಬರೆದಿರಲಿಲ್ಲ. ಚೀಟಿಯ ಹಿಂಬದಿಗೆ ಬರೆದುಕೊಂಡೆ.
ಮುಚ್ಚಳ ಅವಳ ಬೆರಳಿಗೆ ಬಗ್ಗಲಿಲ್ಲ.
ನಾನೇ ತಿರುಗಿಸಿ ಕೊಟ್ಟೆ.