ಕರ್ಮಣಿ ಪ್ರಯೋಗ

ಸಭೆ ಹತ್ತೂವರೆಗೆ. ಶುರುವಾದದ್ದು ಹನ್ನೆರಡಕ್ಕೆ.
ನಡಾವಳಿ ಬರೆಯುವ ಪಾಳಿ ನನ್ನದು.
ಕಿಟಕಿಯಾಚೆ ಬೈತಖೋಲದ ಐಸಿನ ಲಾರಿ
ಕಾರವಾರದ ಉದ್ದಕ್ಕೂ ನೀರು ಸುರಿಸುತ್ತ ಹೋಯಿತು.

ಮೊದಲು ಎದ್ದವರು ವಕೀಲ ರಾಯ್ಕರ್:
ತನಿಖೆ ಬೇಕು, ಆಯೋಗ ಬೇಕು, ಸಿಲಿಂಡರಿನ ಬಿಲ್ಲು ಬೇಕು.
ನಿವೃತ್ತ ಹೆಡ್‌ಮಾಸ್ತರರು ಅಡ್ಡ ಬಂದರು:
"ಆಗ ಯಾರಿಗೆ ಏನು ಗೊತ್ತಿತ್ತು ಮಾರಾಯರೇ?
ನೀವೂ ಬಾಗಿಲು ತೆರೆದಿರಲಿಲ್ಲ."
ಅದೂ ನಿಜ. ಒಂದು ಕ್ಷಣ ಎಲ್ಲರೂ
ತಂತಮ್ಮ ಬಾಗಿಲು ನೆನೆದು ಸುಮ್ಮನಾದರು.

ಸಾಹೇಬರು ಕಾಗದ ಬಿಡಿಸಿ ಓದಿದರು:
ಅಂದಿನ ಪರಿಸ್ಥಿತಿಯಲ್ಲಿ ಕ್ರಮ ಕೈಗೊಳ್ಳಲಾಯಿತು,
ಗಡಿ ಮುಚ್ಚಲಾಯಿತು, ಹಾಸಿಗೆ ಹೆಚ್ಚಿಸಲಾಯಿತು,
ವಿಷಾದ ವ್ಯಕ್ತಪಡಿಸಲಾಯಿತು.
ಬರೆದುಕೊಂಡೆ. ಇಪ್ಪತ್ತೆರಡು ವರ್ಷದಿಂದ
ಲಾಯಿತು ಲಾಯಿತು ಎಂದೇ ಓಡುವ ಕೈ ಇದು,
ಇಳಿಜಾರಿನ ಸೈಕಲ್ಲು, ತುಳಿಯುವವನು ಬೇಕಿಲ್ಲ.

ಆಮೇಲೆ ಹಿಂದಿನ ಸಾಲಿನಿಂದ
ಮೀನು ಮಾರ್ಕೆಟ್ಟಿನ ಶೇವಂತಿ ದುರ್ಗೇಕರ್.
ಮೊಣಕೈಯಲ್ಲಿ ಇನ್ನೂ ಒಂದು ಹುರುಪೆ ಹೊಳೆಯುತ್ತಿತ್ತು.
ಮೈಕು ಮುಟ್ಟಲಿಲ್ಲ.
"ಮಾತಿ ಕೋಣೆ ಘಾಲಿ?"
ಕೊಂಕಣಿಯಲ್ಲಿ ಮಾತಿ ಎಂದರೆ ಮಣ್ಣು.
ಘಟ್ಟದ ಮೇಲಿನ ನನ್ನ ಕಿವಿಗೆ
ಅದು ಮಾತು ಎಂದೇ ಬಿತ್ತು.

ಮತ್ತೆ ಕನ್ನಡದಲ್ಲಿ ಹೇಳಿದಳು.
ಮಾಜಾಳಿ ಗಡಿ. ರಸ್ತೆಗಡ್ಡ ಕೆಂಪು ಮಣ್ಣು,
ಎರಡು ಟಿಪ್ಪರಿನಷ್ಟು. ಆಚೆ ಮಡಗಾಂವಿನ ಆಸ್ಪತ್ರೆ.
ಈಚೆ ಆಂಬುಲೆನ್ಸಿನಲ್ಲಿ ಪುಂಡಲೀಕ,
ಬೋಟಿನ ಪಂಖಕ್ಕೆ ಸಿಕ್ಕ ಬಲೆಯನ್ನು
ಒಂದೇ ಉಸಿರಿಗೆ ಮುಳುಗಿ ಬಿಡಿಸುತ್ತಿದ್ದವನು,
ಎರಡೂಮುಕ್ಕಾಲು ತಾಸು.
"ಪೊಲೀಸ್ ಹುಡುಗನನ್ನು ಕೇಳೋದಿಲ್ಲ ನಾನು.
ಅವ ಬರಿಗೈಯಲ್ಲಿ ಮಣ್ಣು ತೋಡ್ತಾ ಇದ್ದ."

"ಹಾಕಲಾಗಿತ್ತು ತಾಯಿ, ಮೇಲಿನ ಸೂಚನೆಯಂತೆ."

ಅವಳು ಅಳಲಿಲ್ಲ. ದರ ಹೇಳುವ ದನಿಯಲ್ಲೇ ಅಂದಳು:
"ನನ್ನ ಬುಟ್ಟಿಯಿಂದ ಯಾವ ಬಂಗಡೆಯನ್ನಾದರೂ ಎತ್ತಿ.
ಯಾವ ಬೋಟು, ತಾಂಡೇಲ ಯಾರು,
ಎಷ್ಟೊತ್ತಿಗೆ ಐಸಿಗೆ ಬಿತ್ತು, ಹೇಳ್ತೇನೆ.
ಕೆಟ್ಟಿದ್ದರೆ ಗಿರಾಕಿ ನನ್ನ ಹತ್ತಿರ ಬರ್ತಾನೆ,
ಸಮುದ್ರದ ಹತ್ತಿರ ಹೋಗೋದಿಲ್ಲ.
ಎಂಟಾಣೆ ಬಂಗಡೆಗೂ ಹೆಸರುಂಟು.
ಮಣ್ಣಿಗೆ ಇಲ್ಲವಾ?"

ಯಾರೋ, ಕನಿಕರದಿಂದಲೇ, "ಕರ್ಮ" ಅಂದರು.

ನನಗೆ ಎಂಟನೇ ಇಯತ್ತೆಯ ಹಲಗೆ ಕಂಡಿತು.
ಭೀಮನು ಬಂಡೆಯನ್ನು ಎತ್ತಿದನು.
ಬಂಡೆಯು ಭೀಮನಿಂದ ಎತ್ತಲ್ಪಟ್ಟಿತು.
ಕರ್ತರಿ, ಕರ್ಮಣಿ. ಹೇಗೆ ತಿರುಚಿದರೂ
ಮಾಸ್ತರರು ಭೀಮನನ್ನು ಬಿಡಗೊಡುತ್ತಿರಲಿಲ್ಲ,
'ಇಂದ' ಎಂಬ ಬಾಲ ಹಿಡಿದಾದರೂ ಅವನು ಅಲ್ಲಿರಬೇಕು,
ಇಲ್ಲದಿದ್ದರೆ ಅರ್ಧ ಅಂಕ ಹೋಯಿತು.
ನೌಕರಿಗೆ ಸೇರಿದ ಮೇಲೆ ಭೀಮನನ್ನು ಅಳಿಸಲು ಕಲಿತೆ.
ಬಂಡೆ ಮಾತ್ರ ಗಾಳಿಯಲ್ಲಿ ನಿಂತಿರುತ್ತದೆ.
ಕೆಳಗೆ ಯಾರೋ ನಡೆದು ಹೋಗುತ್ತಿರುತ್ತಾರೆ.

ಆ ರಾತ್ರಿಯ ಆದೇಶ ನಾನೇ ಟೈಪಿಸಿದ್ದು.
'ತುರ್ತು ವಾಹನ ಹೊರತುಪಡಿಸಿ'
ಮೂರು ಪದ, ಕರಡಿನಲ್ಲಿದ್ದವು,
ಅವುಗಳ ಮೇಲೆ ಹಸಿರು ಶಾಯಿಯ ಗೆರೆ ಎಳೆಯಲಾಗಿತ್ತು.
ನೋಡಿ, ಈಗಲೂ: ಎಳೆಯಲಾಗಿತ್ತು.
ಆ ಮಹಡಿಯಲ್ಲಿ ಹಸಿರು ಪೆನ್ನು ಇಬ್ಬರದೇ.
ಕೇಳಲಿಲ್ಲ. ಮನೆಯಲ್ಲಿ ಹೆಂಡತಿಗೆ ಜ್ವರ,
ಹನ್ನೊಂದೂವರೆ ಗಂಟೆ, ಸ್ಕೂಟರಿನ ಕೀಲಿ ಕೈಯಲ್ಲೇ ಇತ್ತು.

ಸಂಜೆ ನಡಾವಳಿಗೆ ಕೂತೆ.
'ಸದರಿ ಪ್ರಶ್ನೆಯನ್ನು ಗಮನಿಸಲಾಯಿತು.'
ಅಳಿಸಿದೆ.
'ಶೇವಂತಿ ದುರ್ಗೇಕರ್ ಕೇಳಿದರು: ಮಣ್ಣು ಹಾಕಿದವರು ಯಾರು?'
ಕೆಳಗೆ ಎರಡು ಬೆರಳು ಜಾಗ ಬಿಟ್ಟೆ.
ಸಹಿಗೆ ಹೋದ ಕಾಗದ ಹೇಗೆ ತಿರುಗಿ ಬರುತ್ತದೆಂದು
ನನಗಿಂತ ಚೆನ್ನಾಗಿ ಬಲ್ಲವರು ಈ ಕಟ್ಟಡದಲ್ಲಿಲ್ಲ.

ಎಡಮೂಲೆಯಲ್ಲಿ, ಎಂದಿನ ಸಣ್ಣ ಅಕ್ಷರದಲ್ಲಿ, ಬೆರಳಚ್ಚು.
ಟೈಪಿಗೂ ಅದೇ ಪದ, ಕಳ್ಳನಿಗೂ ಅದೇ.
ಇಷ್ಟು ವರ್ಷ ಅಲ್ಲಿ ಕೆ.ಬಿ.ನಾ. ಎಂದಿರುತ್ತಿತ್ತು.
ಇವತ್ತು ಪೂರ್ತಿ ಬರೆದೆ:
ಕೆರಿಯಾ ಬಂಗಾರ್ಯ ನಾಯ್ಕ.